‘ಕಂಪೆನಿ ಟೀಮ್’ ಅಂದ ಅಪ್ಪ, ‘ನಮ್ಮ ಟೀಮ್’ ಅಂದ ಮಗಳು: ಬೆಂಗಳೂರಿನ ಒಂದು ಮನೆಯ ಪ್ರಕರಣ

ಮೊದಲೇ ಒಂದು ಮಾತು. ಇದು ಒಂದೇ ಮನೆಯ ಕತೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಬಡಾವಣೆ ಹೇಳಿಲ್ಲ, ಅಪ್ಪ ದುಡಿದ ಕಾರ್ಖಾನೆ ಯಾವುದು ಅಂತಲೂ ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ಸಣ್ಣಪುಟ್ಟ ವಿವರ ಬದಲಾಯಿಸಿದ್ದೇನೆ. ಪಂದ್ಯ, ತಾರೀಕು, ಸ್ಕೋರು ಮಾತ್ರ ಇದ್ದದ್ದು ಇದ್ದ ಹಾಗೆ.

ನಾನು ಈ ಕತೆಯಲ್ಲಿ ಪೂರ್ತಿ ಹೊರಗಿನವನಲ್ಲ. ಕಂಠೀರವ ಸ್ಟೇಡಿಯಂನಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಪಂದ್ಯಗಳಿಗೆ ಹತ್ತು ವರ್ಷದಿಂದ ಈ ಮಗಳು ನಿಲ್ಲುವುದು ನನ್ನ ಪಕ್ಕದಲ್ಲಿ. ಅವಳ ಅಪ್ಪನ ವಿಷಯದಲ್ಲಿ ಒಂದು ತಪ್ಪು ನಾನೂ ಮಾಡಿದ್ದೇನೆ, ಅದೂ ಮುಂದೆ ಬರುತ್ತದೆ. ಅಭಿಮಾನಿ ಬಳಗ ನಡೆಸುವವರು, ಕ್ಲಬ್‌ಗಳಲ್ಲಿ ಕೆಲಸ ಮಾಡುವವರು, ಅಥವಾ ಸುಮ್ನೆ ಮನೆಯಲ್ಲಿ ಟೀಮ್ ವಿಷಯಕ್ಕೆ ಜಗಳ ಆಡುವವರು ಓದಿದರೆ ಏನಾದರೂ ಸಿಗಬಹುದು.

ಹಿನ್ನೆಲೆ

ಬೆಂಗಳೂರು ಅಂದರೆ ಕ್ರಿಕೆಟ್ ಅಂತ ಹೊರಗಿನವರು ಅಂದುಕೊಂಡಿದ್ದಾರೆ. ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಗೌತಮಪುರದ ಕಡೆ ಹೋಗಿ ಹಾಗೆ ಹೇಳಿ ನೋಡೋಣ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ನಮ್ಮ ಪ್ರಕರಣದ ಮನೆ ಇರುವುದೂ ಊರಿನ ಆ ದಿಕ್ಕಿನಲ್ಲೇ.

ಅಪ್ಪನಿಗೆ ಈಗ ಅರವತ್ತೇಳರ ಹತ್ತಿರ. 80ರ ದಶಕದಲ್ಲಿ ಒಂದು ಸರ್ಕಾರಿ ಕಾರ್ಖಾನೆಗೆ ಸ್ಪೋರ್ಟ್ಸ್ ಕೋಟಾದಲ್ಲಿ ಸೇರಿದರು. ಬೆಳಗ್ಗೆ ಶಿಫ್ಟು, ಮಧ್ಯಾಹ್ನ ಪ್ರಾಕ್ಟೀಸು. ಹಾಫ್ ಬ್ಯಾಕ್ ಆಡುತ್ತಿದ್ದರು, ಬೆನ್ನಿಗೆ 4ನೇ ನಂಬರು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮ್ಯಾಚ್ ಇದ್ದರೆ ಶಿಫ್ಟ್ ಮುಗಿಸಿದವರು ಯೂನಿಫಾರ್ಮ್ ಕೂಡ ಬಿಚ್ಚದೆ ಬಂದು ಕೂರುತ್ತಿದ್ದರಂತೆ. ಪೆನಾಲ್ಟಿ ಮಿಸ್ ಮಾಡಿದರೆ ಮಾರನೇ ದಿನ ಕ್ಯಾಂಟೀನ್‌ನಲ್ಲಿ ಸಾರು ಬಡಿಸುವವನೂ ಬಿಡುತ್ತಿರಲಿಲ್ಲ, ಬೈದೇ ಬಡಿಸುತ್ತಿದ್ದ. ಈ ಮಾತನ್ನು ಅಪ್ಪ ದೂರಿನ ಹಾಗೆ ಹೇಳುವುದಿಲ್ಲ. ಹೆಮ್ಮೆಯಿಂದಲೇ ಹೇಳುತ್ತಾರೆ.

ಹಳೆಯದೆಲ್ಲ ಅವರಿಗೆ ಬಾಯಿಪಾಠ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದದ್ದು, ಮರುವರ್ಷ ಮತ್ತೆ ಗೆದ್ದದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಊರಿನವರು ಅನ್ನುವುದು. ಹಳೇ ಆಟಗಾರರು ಕೆಂಪಯ್ಯ, ಅರುಮೈನಾಯಗಂ, ಅಹ್ಮದ್ ಖಾನ್. ಮೈಸೂರು ರಾಜ್ಯ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ನಡುವಿನ ಪಂದ್ಯಾವಳಿ) ಗೆದ್ದ ವರ್ಷಗಳಂತೂ ಮಗ್ಗಿ ಒಪ್ಪಿಸಿದ ಹಾಗೆ ಬರುತ್ತವೆ: 1946-47, 1952-53, 1967-68, 1968-69. ಕೊನೆಯದರ ಹೊತ್ತಿಗೆ ಇವರಿಗೆ ಹತ್ತರ ಆಸುಪಾಸು.

ಆಮೇಲೆ ಏನಾಯಿತು ಅಂತ ಊರಿಗೇ ಗೊತ್ತು. ಕಾರ್ಖಾನೆಗಳು ಆಟಗಾರರನ್ನು ತೆಗೆದುಕೊಳ್ಳುವುದು ಕಡಿಮೆ ಮಾಡಿದವು. ದೂರವಾಣಿ ಕಾರ್ಖಾನೆ ಐಟಿಐ ರಾಷ್ಟ್ರೀಯ ಲೀಗ್‌ನಲ್ಲಿ ಆಡುತ್ತಿದ್ದ ಕಾಲ ಹೋಯಿತು. 2011-12ರಲ್ಲಿ ಎಚ್‌ಎಎಲ್ ಕೂಡ ದೇಶದ ಆಗಿನ ಮೊದಲ ದರ್ಜೆಯ ಲೀಗ್ ಆದ ಐ-ಲೀಗ್‌ನಿಂದ ಕೆಳಗಿಳಿಯಿತು. ಅಪ್ಪನ ತಂಡ ಅದಕ್ಕೂ ಮೊದಲೇ ಹೆಸರಿಗಷ್ಟೇ ಉಳಿದಿತ್ತು.

2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಹುಟ್ಟಿತು. ಮಾಲೀಕರು ಉಕ್ಕಿನ ಉದ್ಯಮ ಸಮೂಹ ಜೆಎಸ್‌ಡಬ್ಲ್ಯು, ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಚೆಟ್ರಿ. ಮೊದಲ ಸೀಸನ್ ಆಡಿದ್ದು ಅಶೋಕನಗರದ ಅದೇ ಸ್ಟೇಡಿಯಂನಲ್ಲಿ. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದರು, 2014ರ ಏಪ್ರಿಲ್‌ನಲ್ಲಿ ಗೋವಾಕ್ಕೇ ಹೋಗಿ ಡೆಂಪೊವನ್ನು 4-2ರಲ್ಲಿ ಸೋಲಿಸಿ. ಮುಂದಿನ ಸೀಸನ್‌ಗೆ ಕಂಠೀರವಕ್ಕೆ ಬಂದರು. ಮಗಳು ಆಗ ಡಿಗ್ರಿ ಓದುತ್ತಿದ್ದಳು. ಕಾಲೇಜಿನ ಗೆಳತಿ ಕರೆದಳು ಅಂತ ಒಂದು ಮ್ಯಾಚ್‌ಗೆ ಬಂದವಳು ಅಲ್ಲೇ ಬೇರು ಬಿಟ್ಟಳು.

ತಕರಾರು ಏನು

ಫುಟ್‌ಬಾಲ್ ಮನೆ, ಮಗಳಿಗೂ ಫುಟ್‌ಬಾಲ್ ಹುಚ್ಚು ಹಿಡಿಯಿತು, ಅಪ್ಪನಿಗೆ ಖುಷಿ ಆಗಬೇಕಿತ್ತು ಅಲ್ವಾ? ಆಗಲಿಲ್ಲ.

“ಅದು ಊರಿನ ಟೀಮ್ ಅಲ್ಲ. ಕಂಪೆನಿ ಟೀಮ್.” ಅವರದು ಇದೊಂದೇ ಮಾತು.

ಮಗಳ ಉತ್ತರವೂ ರೆಡಿ ಇತ್ತು. “ನೀವು ಆಡಿದ್ದೂ ಕಂಪೆನಿ ಟೀಮೇ ಅಲ್ವಾ ಅಪ್ಪ?”

ಇದು ಅಪ್ಪನಿಗೆ ಸರಿಯಾಗಿ ಚುಚ್ಚಿತು. ಅವರ ಲೆಕ್ಕ ಬೇರೆ. ಅವರ ತಂಡದ ಗೋಲ್‌ಕೀಪರ್ ಪಕ್ಕದ ಮಷೀನಿನಲ್ಲಿ ಕೆಲಸ ಮಾಡುವವನು. ಸೆಂಟರ್ ಫಾರ್ವರ್ಡ್‌ನ ಅಮ್ಮ ಇವರ ಬೀದಿಯಲ್ಲೇ ಹೂವು ಮಾರುವವರು. ಸೋತರೆ ಮುಖ ತೋರಿಸಿಕೊಂಡು ಅದೇ ಬೀದಿಯಲ್ಲಿ ನಡೆಯಬೇಕು. ಊರಿನ ಟೀಮ್ ಅಂದರೆ ಇದು. ಯಾವುದೋ ದೇಶದಿಂದ ಬಂದು, ಕಾಂಟ್ರಾಕ್ಟ್ ಮುಗಿದ ಮೇಲೆ ವಿಮಾನ ಹತ್ತಿ ಹೋಗುವವನು ಹೇಗೆ ಊರಿನವನಾಗುತ್ತಾನೆ?

ಮಗಳ ಲೆಕ್ಕದಲ್ಲಿ ಆಟಗಾರ ಎಲ್ಲಿಯವನು ಅನ್ನುವುದು ಬರುವುದೇ ಇಲ್ಲ. ಇಷ್ಟು ದೊಡ್ಡ ಊರಿನಲ್ಲಿ ಎರಡು ವಾರಕ್ಕೊಮ್ಮೆ ಅವಳಿಗೆ ಒಂದು ಜಾಗ ಇದೆ. ಅಲ್ಲಿ ಆಗ ಅವಳ ಬಲಕ್ಕೆ ಮಿಜೋರಾಂನಿಂದ ಬಂದ ನರ್ಸ್, ಎಡಕ್ಕೆ ನಾನು, ಹಿಂದೆ ಹುಬ್ಬಳ್ಳಿಯ ಒಬ್ಬ ಟ್ಯಾಕ್ಸಿ ಡ್ರೈವರ್. ಇವರಲ್ಲಿ ಯಾರ ಮನೆಗೂ ಅವಳು ಹೋಗಿಲ್ಲ. ಆದರೆ ಒಂದು ಮ್ಯಾಚ್ ತಪ್ಪಿಸಿದರೆ “ಯಾಕೆ ಬರಲಿಲ್ಲ, ಹುಷಾರಿದ್ದೀಯಾ?” ಅಂತ ಮೂವರೂ ಕೇಳುತ್ತಿದ್ದರು. ಆಫೀಸಿನಲ್ಲಿ ಯಾರೂ ಕೇಳುತ್ತಿರಲಿಲ್ಲ.

ಹೊರಗಿನಿಂದ ನೋಡಿದರೆ ಇದು ತಲೆಮಾರಿನ ಜಗಳ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಇಬ್ಬರೂ ಹೇಳುತ್ತಿದ್ದದ್ದು ಹೆಚ್ಚುಕಮ್ಮಿ ಒಂದೇ: ನನ್ನನ್ನು ಗುರುತು ಹಿಡಿಯುವ ಜನ ಇರುವ ಜಾಗ. ಅಪ್ಪನಿಗೆ ಆ ಜಾಗ ಇತ್ತು, ಹೋಯಿತು. ಹೋದದ್ದನ್ನು ಅವರು ಮನೆಯಲ್ಲಿ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಇದು ಗೊತ್ತಾಗಲು ನಮಗೆ ಏಳೆಂಟು ವರ್ಷ ಬೇಕಾಯಿತು.

ಮೊದಲ ಪ್ರಯತ್ನ, ಪೂರ್ತಿ ಮುಗ್ಗರಿಸಿದ್ದು

2015ರ ಮೇ 31. ಕಂಠೀರವದಲ್ಲಿ ಐ-ಲೀಗ್‌ನ ಕೊನೆಯ ಪಂದ್ಯ, ಎದುರಾಳಿ ಕೋಲ್ಕತ್ತಾದ ಮೋಹನ್ ಬಗಾನ್. ನಾವು ಗೆದ್ದರೆ ಸತತ ಎರಡನೇ ಸಲ ಚಾಂಪಿಯನ್. ಡ್ರಾ ಆದರೆ ಬಗಾನ್‌ಗೆ ಕಪ್. ಇಂಥ ಮ್ಯಾಚ್ ನೋಡಿದರೆ ಅಪ್ಪ ಕರಗಿಯೇ ಕರಗುತ್ತಾರೆ ಅಂತ ಮಗಳು ಹಟ ಹಿಡಿದು ಕರೆತಂದಳು. ಕರೆತಂದದ್ದು ವೆಸ್ಟ್ ಬ್ಲಾಕ್‌ಗೆ, ಅಂದರೆ ನಮ್ಮ ಬಳಗ ‘ವೆಸ್ಟ್ ಬ್ಲಾಕ್ ಬ್ಲೂಸ್’ ನಿಲ್ಲುವ ಜಾಗಕ್ಕೆ. ಡ್ರಮ್ಮು, ಬಾವುಟ, ತೊಂಬತ್ತು ನಿಮಿಷ ನಿಂತೇ ಇರಬೇಕು.

ಅಪ್ಪನಿಗೆ ಹಳೇ ಆಟಗಾರರ ಮಂಡಿ. ಇಪ್ಪತ್ತು ನಿಮಿಷಕ್ಕೆ ಕೂತರು. ಹಿಂದಿನಿಂದ ಒಬ್ಬ ಹುಮ್ಮಸ್ಸಿನ ಹುಡುಗ, “ಅಂಕಲ್, ಎದ್ದೇಳಿ, ಇಲ್ಲಿ ಯಾರೂ ಕೂರಲ್ಲ” ಅಂದ. ಆ ಹುಡುಗ ನಾನೇ.

ಎದ್ದರು. ಏನೂ ಹೇಳಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, “ಆಟ ನೋಡೋಕೆ ಬಂದಿದ್ದೀರಾ, ಕುಣಿಯೋಕೆ ಬಂದಿದ್ದೀರಾ?” ಅಂತ ಕೇಳಿದರು, ಅಷ್ಟೆ. ನಾನು ನಕ್ಕೆ. ಅವರು ನಿಜವಾಗಿಯೇ ಕೇಳಿದ್ದರು.

ಮೊದಲ ಅರ್ಧದಲ್ಲಿ ನಮ್ಮ ಜಾನ್ ಜಾನ್ಸನ್ ಗೋಲು ಹೊಡೆದ. ಮಳೆಯೂ ಜೋರಾಯಿತು. ಕಂಠೀರವ ಇರುವುದು ಹಳೇ ಸಂಪಂಗಿ ಕೆರೆ ಅಂಗಳದಲ್ಲಿ, ಜೋರು ಮಳೆ ಬಂದಾಗಲೆಲ್ಲ ಕೆರೆ ವಾಪಸ್ ಬಂತು ಅಂತ ನಾವು ತಮಾಷೆ ಮಾಡುತ್ತೇವೆ. ಆವತ್ತು ಆ ತಮಾಷೆಗೂ ಯಾರಿಗೂ ಉಸಿರಿರಲಿಲ್ಲ. 87ನೇ ನಿಮಿಷದವರೆಗೆ ಕಪ್ ನಮ್ಮದು. ಆಮೇಲೆ ಬಗಾನ್‌ನ ಬೆಲ್ಲೊ ರಜಾಕ್ ತಲೆ ಕೊಟ್ಟ, 1-1, ಕಪ್ ಕೋಲ್ಕತ್ತಾಗೆ ಹೋಯಿತು.

ಮಗಳು ಕಾಂಕ್ರೀಟಿನ ಮೆಟ್ಟಿಲ ಮೇಲೆ ಕೂತು ಅತ್ತಳು. ಅಪ್ಪ ಅವಳ ಪಕ್ಕ ನಿಂತು, “ಮೂರು ನಿಮಿಷ ಹಿಡ್ಕೊಳ್ಳೋಕೆ ಆಗ್ಲಿಲ್ವಲ್ಲ ಇವ್ರಿಗೆ” ಅಂದರು. ಆಟಗಾರ ಆಟಗಾರನ ಬಗ್ಗೆ ಆಡುವ ಮಾತು ಅದು. ಮಗಳಿಗೆ ಕೇಳಿಸಿದ್ದು ಬೇರೆ ಥರ. ಮನೆಗೆ ಹೋಗುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೂ ತುಂಬ ದಿನ ಮನೆಯಲ್ಲಿ ಫುಟ್‌ಬಾಲ್ ಮಾತು ಬಂದ್ ಆಯಿತು.

ಎಲ್ಲಿ ತಪ್ಪಿತು ಅಂತ ಈಗ ಸುಲಭವಾಗಿ ಕಾಣುತ್ತದೆ. ಅತಿ ದೊಡ್ಡ ಪಂದ್ಯಕ್ಕೆ ಕರೆತಂದಳು, ಅದೂ ತನ್ನ ಜಾಗಕ್ಕೆ, ತನ್ನ ಜನರ ನಡುವೆ. ನಲವತ್ತು ವರ್ಷ ಆಟದ ಜೊತೆ ಬದುಕಿದ ಮನುಷ್ಯ ಅಲ್ಲಿ ಹೊಸಬ ಆಗಿಬಿಟ್ಟರು. ಎದ್ದೇಳು ಅಂತ ಹೇಳಿಸಿಕೊಳ್ಳುವ ಹೊಸಬ.

ನಡುವಿನ ವರ್ಷಗಳು

ಮರುವರ್ಷ ಅವಳು ಒಂದು ನೀಲಿ ಜೆರ್ಸಿ ತಂದುಕೊಟ್ಟಳು, ಬೆನ್ನ ಮೇಲೆ 4 ಹಾಕಿಸಿ. ಅಪ್ಪ ನೋಡಿದರು, “ಚೆನ್ನಾಗಿದೆ” ಅಂದರು, ಪ್ಲಾಸ್ಟಿಕ್ ಕವರಿನಲ್ಲೇ ಮಡಿಚಿ ಬೀರುವಿನಲ್ಲಿಟ್ಟರು. ಅದು ಅಲ್ಲೇ ಇದೆ. ಈ ಜೆರ್ಸಿ ಕೊನೆಗೊಂದು ದಿನ ಹೊರಗೆ ಬರುತ್ತದೆ ಅಂತ ಕಾಯಬೇಡಿ, ಬರುವುದಿಲ್ಲ.

2016ರ ಅಕ್ಟೋಬರ್ 19ರಂದು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್, ಹಿಂದಿನ ಸಲದ ಚಾಂಪಿಯನ್ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ವಿರುದ್ಧ. ಮೊದಲು ಅವರೇ ಗೋಲು ಹೊಡೆದರು. ಆಮೇಲೆ ಚೆಟ್ರಿ ಎರಡು, ಹುವಾನನ್ ಒಂದು. 3-1. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಫೈನಲ್ ಮುಟ್ಟಿರಲಿಲ್ಲ. ಆ ರಾತ್ರಿಯ ಕಂಠೀರವದ ಬಗ್ಗೆ ಬರೆಯಲು ಕೂತರೆ ಈ ಬರಹ ಇಲ್ಲಿಗೇ ನಿಲ್ಲುತ್ತದೆ. ಮಗಳು ಈ ಸಲ ಅಪ್ಪನನ್ನು ಕರೆದಿರಲಿಲ್ಲ. ಗಂಟಲು ಕಟ್ಟಿಕೊಂಡು ತಡವಾಗಿ ಮನೆಗೆ ಹೋದಾಗ ಅಪ್ಪ ಎದ್ದೇ ಇದ್ದರು. “ಸೆಕೆಂಡ್ ಹಾಫ್‌ನಲ್ಲಿ ಚೆನ್ನಾಗಿ ಆಡಿದ್ರು” ಅಂದು ಮಲಗಲು ಹೋದರು. ಅಂದರೆ ಟಿವಿಯಲ್ಲಿ ನೋಡಿದ್ದರು.

ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್‌ಫೋರ್ಸ್ ತಂಡದ ಎದುರು 1-0ರಲ್ಲಿ ಸೋತೆವು. ಅದಾದ ಮೇಲೆ ಒಂದು ಭಾನುವಾರ ಊಟದ ಹೊತ್ತಿಗೆ ಹಳೇ ಜಗಳ ಮತ್ತೆ ಶುರುವಾಯಿತು. ಅಪ್ಪ ಎಂದಿನಂತೆ ಅಹ್ಮದ್ ಖಾನ್ ಕತೆ ತೆಗೆದರು. ಬೆಂಗಳೂರಿನ ಹುಡುಗ, ಈಸ್ಟ್ ಬೆಂಗಾಲ್‌ಗೆ ಹೋಗಿ ಅಲ್ಲಿನ ‘ಪಂಚ ಪಾಂಡವ’ರು ಅನ್ನಿಸಿಕೊಂಡ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬನಾದ, ಕೋಲ್ಕತ್ತಾ ಜನ ತಲೆ ಮೇಲೆ ಹೊತ್ತು ಮೆರೆಸಿದರು.

ಮಗಳು ಕೇಳಿದಳು: “ಕೋಲ್ಕತ್ತಾದವರು ಅಹ್ಮದ್ ಖಾನ್‌ನ ನಮ್ಮವನು ಅಂದ್ರೆ ಸರಿ. ನಾವು ಚೆಟ್ರಿನ ನಮ್ಮವನು ಅಂದ್ರೆ ತಪ್ಪಾ?”

ಅಪ್ಪ ಅನ್ನ ಕಲಸುತ್ತಿದ್ದವರು ನಿಲ್ಲಿಸಿದರು. ಉತ್ತರ ಕೊಡಲಿಲ್ಲ. “ಮಜ್ಜಿಗೆ ಹಾಕಮ್ಮ” ಅಂದರು.

ನನ್ನ ಪ್ರಕಾರ ಈ ಪ್ರಕರಣದಲ್ಲಿ ಮೊದಲು ಬಿರುಕು ಬಿಟ್ಟದ್ದು ಇಲ್ಲಿ. ಮಗಳು ವಾದ ಗೆದ್ದಳು ಅಂತಲ್ಲ. ಅಪ್ಪನ ಇತಿಹಾಸವನ್ನು ಬದಿಗೆ ತಳ್ಳದೆ ಅದರೊಳಗಿಂದಲೇ ಪ್ರಶ್ನೆ ಎತ್ತಿದ್ದಳು, ಮೊದಲ ಸಲ. ಬೆಂಗಳೂರು ಎಷ್ಟೋ ದಶಕ ತನ್ನ ಹುಡುಗರನ್ನು ಬೇರೆ ಊರಿನ ತಂಡಗಳಿಗೆ ಕಳಿಸಿತು. ಈಗ ಬೇರೆ ಊರಿನ ಹುಡುಗರು ಇಲ್ಲಿ ಬಂದು ಈ ಊರಿಗೆ ಆಡುತ್ತಿದ್ದಾರೆ. ಎರಡೂ ಒಂದೇ ದಾರಿ, ದಿಕ್ಕು ಮಾತ್ರ ಉಲ್ಟಾ.

2017ರಲ್ಲಿ ಕ್ಲಬ್ ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಹೋಯಿತು. ಮೊದಲ ಸಲವೇ ಲೀಗ್‌ನಲ್ಲಿ ಮೊದಲ ಸ್ಥಾನ, ಆದರೆ 2018ರ ಮಾರ್ಚ್‌ನಲ್ಲಿ ನಮ್ಮದೇ ಅಂಗಳದಲ್ಲಿ ಚೆನ್ನೈಯಿನ್‌ಗೆ 3-2ರಲ್ಲಿ ಫೈನಲ್ ಬಿಟ್ಟುಕೊಟ್ಟೆವು. ಮರುವರ್ಷ ಮುಂಬೈಯಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ, 117ನೇ ನಿಮಿಷದಲ್ಲಿ, ರಾಹುಲ್ ಭೇಕೆ ಹೆಡ್ ಮಾಡಿ ಕಪ್ ತಂದುಕೊಟ್ಟ. ಮಗಳು ಮುಂಬೈಗೆ ರೈಲಿನಲ್ಲಿ ಹೋಗಿಬಂದಳು. ಅಪ್ಪ ಅವಳಿಗೆ ಪುಳಿಯೋಗರೆ ಕಟ್ಟಿಸಿ ಕಳಿಸಿದ್ದರು, ಫೈನಲ್ ಬಗ್ಗೆ ಒಂದು ಮಾತೂ ಆಡದೆ.

ಖಾಲಿ ಸ್ಟೇಡಿಯಂ ಮಾಡಿದ ಉಪಕಾರ

ಕೋವಿಡ್ ಬಂತು. 2020-21 ಮತ್ತು 2021-22ರ ಐಎಸ್‌ಎಲ್ ಗೋವಾದಲ್ಲೇ ನಡೆಯಿತು, ಸ್ಟ್ಯಾಂಡ್‌ಗಳು ಖಾಲಿ. ಎರಡು ವರ್ಷ ಬೆಂಗಳೂರಿನ ತಂಡ ಬೆಂಗಳೂರಿನಲ್ಲಿ ಒಂದೇ ಒಂದು ಲೀಗ್ ಪಂದ್ಯ ಆಡಲಿಲ್ಲ. ಬಳಗದಲ್ಲಿ ಎಷ್ಟೋ ಜನ ಆಗ ಕಳಚಿಕೊಂಡರು, ಕೆಲವರು ವಾಪಸ್ ಬರಲೇ ಇಲ್ಲ. ಆಟ ಟಿವಿಯಲ್ಲಿ ಇತ್ತು, ಆದರೆ ಪಕ್ಕದವರು ಇರಲಿಲ್ಲವಲ್ಲ. ಹುಬ್ಬಳ್ಳಿಯ ಡ್ರೈವರ್ ಊರಿಗೆ ಹೋದವನು ಅಲ್ಲೇ ಅಂಗಡಿ ಇಟ್ಟುಕೊಂಡ.

ಮಗಳಿಗೆ ಬೇರೆ ದಾರಿ ಇರಲಿಲ್ಲ. ಮನೆಯ ಹಾಲ್‌ನಲ್ಲಿ, ಅಪ್ಪನ ಪಕ್ಕ ಕೂತೇ ನೋಡಬೇಕು. ಅಪ್ಪ ರಿಮೋಟ್ ಹಿಡಿದು ಮೊದಲು ಮಾಡಿದ ಕೆಲಸ ಕಾಮೆಂಟರಿ ಮ್ಯೂಟ್ ಮಾಡಿದ್ದು. “ಬಾಲ್ ನೋಡ್ಬೇಡ. ಬಾಲ್ ಇಲ್ದೇ ಇರೋನು ಏನ್ ಮಾಡ್ತಿದ್ದಾನೆ ನೋಡು” ಅಂದರು.

ಅವಳು ಇದನ್ನು ನನಗೆ ಹೇಳಿದ ದಿನ ನನಗೂ ಸ್ವಲ್ಪ ನಾಚಿಕೆ ಆಯಿತು. ಆರು ವರ್ಷ ಸ್ಟೇಡಿಯಂಗೆ ಹೋಗಿದ್ದಾಳೆ. ಯಾವ ಹಾಡು ಯಾವಾಗ ಎತ್ತಬೇಕು ಗೊತ್ತು. ನಮ್ಮ ಲೆಫ್ಟ್ ಬ್ಯಾಕ್ ಮುಂದೆ ಹೋದಾಗ ಆ ಜಾಗಕ್ಕೆ ಯಾರು ಬಂದು ನಿಲ್ಲುತ್ತಾರೆ ಅನ್ನುವುದು ಗೊತ್ತಿಲ್ಲ. ಆ ಎರಡು ಸೀಸನ್‌ನಲ್ಲಿ ತಂಡ ಏಳನೇ, ಆರನೇ ಸ್ಥಾನಕ್ಕೆ ಕುಸಿಯಿತು. ಆದರೆ ಯಾಕೆ ಸೋಲುತ್ತಿದ್ದೇವೆ ಅನ್ನುವುದು ಅವಳಿಗೆ ಮೊದಲ ಬಾರಿ ಅರ್ಥವಾಯಿತು. ಅಪ್ಪನಿಗೂ ಏನೋ ಆಯಿತು. ಬೈಯುವಾಗ ‘ಇವರು’ ಅನ್ನುತ್ತಿದ್ದವರು ನಡುನಡುವೆ ‘ನಾವು’ ಅನ್ನತೊಡಗಿದರು. ಬೈಯುವಾಗ ಮಾತ್ರ. ಹೊಗಳುವಾಗ ಇನ್ನೂ ‘ಇವರು’.

ಅಶೋಕನಗರದ ಮಧ್ಯಾಹ್ನ

2022ರಲ್ಲಿ ಮಗಳು ಒಂದು ನಿರ್ಧಾರ ತೆಗೆದುಕೊಂಡಳು. ಅಪ್ಪನನ್ನು ಕಂಠೀರವಕ್ಕೆ ಕರೆಯುವುದಿಲ್ಲ, ತಾನೇ ಅಪ್ಪನ ಜಾಗಕ್ಕೆ ಹೋಗುತ್ತಾಳೆ. ಒಂದು ವಾರದ ದಿನ ಅರ್ಧ ದಿನ ರಜೆ ಹಾಕಿದಳು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಸೂಪರ್ ಡಿವಿಷನ್ ಮ್ಯಾಚ್, ಅಂದರೆ ಬೆಂಗಳೂರಿನ ಸ್ಥಳೀಯ ಲೀಗ್‌ನದು. ನೋಡಲು ಬಂದವರು ಬೆರಳೆಣಿಕೆಯಷ್ಟು, ಹೆಚ್ಚಿನವರು ಅಪ್ಪನ ವಯಸ್ಸಿನವರು.

ಗೇಟ್ ಒಳಗೆ ಕಾಲಿಟ್ಟಾಗಿನಿಂದ ಅಪ್ಪನನ್ನು ಎಲ್ಲರೂ ಮಾತಾಡಿಸುವವರೇ. ಅಡ್ಡಹೆಸರು ಹಿಡಿದು ಕೂಗುತ್ತಾರೆ. ಒಬ್ಬರು ಮಗಳ ಹತ್ತಿರ ಬಂದು, “ನಿಮ್ಮಪ್ಪ ನನ್ನ ಕಾಲು ಮುರಿದಿದ್ದ ಗೊತ್ತಾ?” ಅಂತ ನಗುತ್ತಾ ಪ್ಯಾಂಟ್ ಎತ್ತಿ ಗಾಯದ ಗುರುತು ತೋರಿಸಿದರು. ಅವಳು ಅಪ್ಪನನ್ನು ಇಂಥ ಜಾಗದಲ್ಲಿ ನೋಡಿರಲೇ ಇಲ್ಲ. ನಿವೃತ್ತಿ ಆದ ಮೇಲೆ ಮನೆ, ಹಾಲಿನ ಬೂತು, ಬ್ಯಾಂಕು, ಅಷ್ಟೇ ಅವರ ಪ್ರಪಂಚ ಅಂದುಕೊಂಡಿದ್ದಳು.

ಅಪ್ಪ ಒಂದು ಕಡೆಯ ಸ್ಟ್ಯಾಂಡ್ ತೋರಿಸಿದರು. “ಅದೇ ನಿಮ್ಮ ವೆಸ್ಟ್ ಬ್ಲಾಕ್. ನಮ್ಮ ಫ್ಯಾಕ್ಟರಿಯವರು ಕೂರ್ತಿದ್ದದ್ದೂ ಅಲ್ಲೇ.”

ಬಳಗದ ಹೆಸರು ಬಂದದ್ದು ಆ ಸ್ಟೇಡಿಯಂನ ಪಶ್ಚಿಮದ ಸ್ಟ್ಯಾಂಡ್‌ನಿಂದ, 2013ರ ಮೊದಲ ಸೀಸನ್‌ನಲ್ಲಿ ಅಭಿಮಾನಿಗಳು ಸೇರುತ್ತಿದ್ದದ್ದು ಅಲ್ಲಿ. ಅದು ನನಗೆ ಗೊತ್ತಿತ್ತು, ನಾನು ಆ ವರ್ಷ ಅಲ್ಲೇ ನಿಂತಿದ್ದೆ. ಮಗಳು ಬಂದದ್ದು ಕಂಠೀರವದ ಕಾಲದಲ್ಲಿ, ಅವಳಿಗೆ ಅದು ಬರೀ ಒಂದು ಹೆಸರು. ಆದರೆ ಅಲ್ಲಿ ನಮಗಿಂತ ಮೊದಲು ಯಾರು ಕೂರುತ್ತಿದ್ದರು ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನಾವು ಬಂದ ದಿನವೇ ಜಾಗ ಹುಟ್ಟಿತು ಅನ್ನುವ ಹಾಗೆ ಇದ್ದೆವು.

ಇನ್ನೊಂದು ವಿಷಯ. ಸೂಪರ್ ಡಿವಿಷನ್‌ನಲ್ಲಿ ಬಿಎಫ್‌ಸಿಯ ಮೀಸಲು ತಂಡವೂ ಆಡುತ್ತದೆ. ಹದಿನೆಂಟು-ಹತ್ತೊಂಬತ್ತರ ಹುಡುಗರು. ಅಪ್ಪ ಅವರನ್ನು ನೋಡಲು ಆಮೇಲೆ ಒಬ್ಬರೇ ಹೋಗತೊಡಗಿದರು. ಮಗಳಿಗೆ ಇದನ್ನು ಹೇಳಲಿಲ್ಲ. ಜೇಬಿನಲ್ಲಿ ಬಸ್ ಟಿಕೆಟ್ ಸಿಕ್ಕಿ ಗೊತ್ತಾದದ್ದು.

2023ರ ಎರಡು ದಿನ

ಮಾರ್ಚ್ 3, ಶುಕ್ರವಾರ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪ್ಲೇಆಫ್. ಹೆಚ್ಚುವರಿ ಸಮಯದಲ್ಲಿ ಫ್ರೀಕಿಕ್ ಸಿಕ್ಕಿತು. ಅವರು ಇನ್ನೂ ಗೋಡೆ ಕಟ್ಟುತ್ತಿದ್ದಾಗಲೇ ಚೆಟ್ರಿ ಹೊಡೆದ, ಗೋಲು. ರೆಫರಿ ಒಪ್ಪಿದರು. ಬ್ಲಾಸ್ಟರ್ಸ್ ಕೋಚ್ ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೋದರು, ಪಂದ್ಯ ನಮಗೆ ಬಂತು. ಸ್ಟ್ಯಾಂಡ್‌ನಲ್ಲಿ ನಮಗೆ ಕುಣಿಯಬೇಕೋ ಕಾಯಬೇಕೋ ಗೊತ್ತಾಗಲಿಲ್ಲ. ಎದುರು ಮೈದಾನದಲ್ಲಿ ಒಂದೇ ತಂಡ. ಗೆದ್ದ ಖುಷಿ ಅರ್ಧ, ಕಸಿವಿಸಿ ಅರ್ಧ. ಮಗಳು ಅದೇ ಮುಖ ಹೊತ್ತು ಮನೆಗೆ ಹೋದಳು.

ಮನೆಯ ಗೇಟಿನಲ್ಲಿ ಅಪ್ಪ ಪಕ್ಕದ ಮನೆಯವರ ಜೊತೆ ಜಗಳಕ್ಕೆ ನಿಂತಿದ್ದರು. “ವಿಸಿಲ್‌ಗೆ ಕಾಯ್ಬೇಕು ಅಂತ ರೂಲ್ ಎಲ್ಲಿದೆ ಸ್ವಾಮಿ? ನಾವು ಕೇಳಿರ್ಲಿಲ್ಲ, ಹೊಡೆದ್ವಿ. ಬಾಲ್ ಮುಂದೆ ಒಬ್ಬ ನಿಂತ್ಕೊಳ್ಳೋದು ಅವ್ರ ಕೆಲ್ಸ.” ಮಗಳು ಗೇಟ್ ಹೊರಗೇ ನಿಂತು ಕೇಳಿಸಿಕೊಂಡಳು. ‘ಹೊಡೆದ್ವಿ.’ ಈ ಸಲ ಬೈಗುಳ ಇರಲಿಲ್ಲ.

ಮರುದಿನ, ಮಾರ್ಚ್ 4. ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್, ಕರ್ನಾಟಕ ಮತ್ತು ಮೇಘಾಲಯ. ಈ ಸಲ ಮೊಬೈಲ್‌ನಲ್ಲಿ ಹಾಕಿಕೊಟ್ಟದ್ದು ಮಗಳು, ಹಿಡಿದುಕೊಂಡು ನೋಡಿದ್ದು ಅಪ್ಪ. 3-2ರಲ್ಲಿ ಗೆದ್ದೆವು. 54 ವರ್ಷದ ಮೇಲೆ. ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮೊಬೈಲ್ ವಾಪಸ್ ಕೊಡುತ್ತಾ, “ನಿನ್ನೆ ನಿಂದು, ಇವತ್ತು ನಂದು” ಅಂದರು.

ಮಗಳು ಇದನ್ನು ಹೇಳುವಾಗ ಅಪ್ಪ ರಾಜಿಯಾದರು ಅನ್ನುವ ದನಿ ಇತ್ತು. ನನಗೆ ಹಾಗೆ ಅನಿಸುವುದಿಲ್ಲ. ಅವರು ಗೆರೆ ಎಳೆದೇ ಹೇಳಿದ್ದಾರೆ, ಇದು ನಿಂದು, ಇದು ನಂದು. ಬದಲಾದದ್ದು ಒಂದೇ: ಅವಳದ್ದೂ ಒಂದು ‘ಊರಿನ ಟೀಮ್’ ಅಂತ ಲೆಕ್ಕಕ್ಕೆ ತೆಗೆದುಕೊಂಡರು. ಕಂಪೆನಿ ಟೀಮ್ ಅನ್ನುವ ಮಾತು ಆಮೇಲೆ ಕೇಳಿಸಲಿಲ್ಲ.

ಕಂಠೀರವಕ್ಕೆ ಎರಡನೇ ಸಲ

2024ರ ಸೆಪ್ಟೆಂಬರ್ 14, ಸೀಸನ್‌ನಲ್ಲಿ ನಮ್ಮ ಮೊದಲ ಪಂದ್ಯ, ಎದುರು ಈಸ್ಟ್ ಬೆಂಗಾಲ್. ಅಹ್ಮದ್ ಖಾನ್ ಆಡಿದ ಕ್ಲಬ್ ಅಂತ ಅಪ್ಪ ತಾವಾಗಿ ಬರುತ್ತೇನೆ ಅಂದರು. ಮಗಳು ಈ ಸಲ ವೆಸ್ಟ್ ಬ್ಲಾಕ್ ಟಿಕೆಟ್ ತೆಗೆಯಲಿಲ್ಲ. ಕೂತು ನೋಡುವ ಸ್ಟ್ಯಾಂಡ್‌ನಲ್ಲಿ ಎರಡು ಟಿಕೆಟ್ ತೆಗೆದಳು, ತಾನೂ ಅಲ್ಲೇ ಕೂತಳು. ಮೆಟ್ರೊದಲ್ಲಿ ಬಂದು ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿದು ನಿಧಾನಕ್ಕೆ ನಡೆದರಂತೆ. ನಮ್ಮ ಸಾಲಿನಲ್ಲಿ ಅವಳ ಜಾಗ ಖಾಲಿ ಇತ್ತು, ಮಿಜೋರಾಂನ ನರ್ಸ್ ನನ್ನನ್ನು ಎರಡು ಸಲ ಕೇಳಿದಳು.

ಆವತ್ತಿನ ಒಂದೇ ಗೋಲು ಹೊಡೆದದ್ದು ವಿನಿತ್ ವೆಂಕಟೇಶ್. ಬೆಂಗಳೂರಿನ ಹುಡುಗ, ಕ್ಲಬ್‌ನ ಸ್ವಂತ ಅಕಾಡೆಮಿಯಲ್ಲಿ ಬೆಳೆದವನು, ವಯಸ್ಸು ಹತ್ತೊಂಬತ್ತು, ಐಎಸ್‌ಎಲ್‌ನಲ್ಲಿ ಅವನ ಮೊದಲ ಪಂದ್ಯ. ಅಪ್ಪ ಎದ್ದು ನಿಂತರು. ಮಂಡಿ ನೋವು ಇದ್ದರೂ, ಯಾರೂ ಎದ್ದೇಳಿ ಅನ್ನದೆ. ಈ ಹುಡುಗನನ್ನು ಅಶೋಕನಗರದಲ್ಲಿ ನೋಡಿದ್ದೆ, ಆಗಲೇ ಹೇಳಿದ್ದೆ ಅಂತ ಈಗ ಎಲ್ಲರ ಹತ್ತಿರವೂ ಹೇಳುತ್ತಾರೆ. ನಿಜವಾಗಿ ನೋಡಿದ್ದರೋ, ಆಮೇಲೆ ಸೇರಿಸಿಕೊಂಡರೋ, ನಾವು ಯಾರೂ ಕೆದಕಲು ಹೋಗಿಲ್ಲ.

ಇಲ್ಲಿ ಕ್ಲಬ್ ನಡೆಸುವವರಿಗೆ ಒಂದು ಮಾತು ಹೇಳಲೇಬೇಕು. ಅಪ್ಪನಂಥವರು ಈ ಊರಿನಲ್ಲಿ ತುಂಬ ಜನ ಇದ್ದಾರೆ. ದೊಡ್ಡ ಜಾಹೀರಾತು, ಹೊಸ ಜೆರ್ಸಿ, ಸ್ಟಾರ್ ಆಟಗಾರ, ಯಾವುದೂ ಅವರನ್ನು ಅಲುಗಾಡಿಸಲಿಲ್ಲ. ಅಲುಗಾಡಿಸಿದ್ದು ವಾರದ ದಿನ ಮಧ್ಯಾಹ್ನ ಖಾಲಿ ಸ್ಟ್ಯಾಂಡ್ ಎದುರು ಆಡಿದ ಮೀಸಲು ತಂಡ. ಆ ಮ್ಯಾಚ್‌ಗಳಿಗೆ ನಮ್ಮ ಬಳಗದವರು ಎಷ್ಟು ಸಲ ಹೋಗಿದ್ದೇವೆ ಅಂತ ಕೇಳಿದರೆ ನಾನು ತಲೆ ತಗ್ಗಿಸಬೇಕು. ಬಳಗದ ಕಡೆಯಿಂದ ನಾವು ಈಗ ಮಾಡಿದ್ದು ಸಣ್ಣದು. ಹೊಸಬರು, ಅದರಲ್ಲೂ ವಯಸ್ಸಾದವರು ಬಂದರೆ ಸಾಲಿನ ತುದಿಯಲ್ಲಿ ಕೂರಲು ಬಿಡುತ್ತೇವೆ. ಎದ್ದೇಳಿ ಅನ್ನುವ ಮೊದಲು ಯಾರು, ಎಲ್ಲಿಂದ ಬಂದರು ಅಂತ ಕೇಳುತ್ತೇವೆ. ಹೋದ ವರ್ಷ ಹೀಗೆ ಕೇಳಿದಾಗ ಇನ್ನೊಬ್ಬ ಹಳೇ ಗೋಲ್‌ಕೀಪರ್ ಸಿಕ್ಕರು.

2025ರ ಆಗಸ್ಟ್

ಲೀಗ್ ನಡೆಸುವ ಒಪ್ಪಂದದ ಗೊಂದಲದಲ್ಲಿ ಐಎಸ್‌ಎಲ್‌ನ ಹೊಸ ಸೀಸನ್‌ಗೆ ಜುಲೈನಲ್ಲಿ ತಡೆ ಬಿತ್ತು. ಆಗಸ್ಟ್ ಮೊದಲ ವಾರ ಬಿಎಫ್‌ಸಿ ಹೇಳಿಕೆ ಕೊಟ್ಟಿತು: ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ತಡೆಹಿಡಿಯುತ್ತೇವೆ, ಕಿರಿಯರ ತಂಡಗಳು ಮತ್ತು ಶಾಲೆಗಳು ಎಂದಿನಂತೆ ನಡೆಯುತ್ತವೆ.

ಮಗಳಿಗೆ ಅಪ್ಪ ಏನು ಅನ್ನುತ್ತಾರೆ ಅಂತ ಭಯ. ಹತ್ತು ವರ್ಷದಿಂದ ಹೇಳಿದ ಮಾತೇ ನಿಜ ಆಗಿತ್ತಲ್ಲ. ಕಂಪೆನಿ ಟೀಮ್, ಕಂಪೆನಿ ಕೈ ಎತ್ತಿದರೆ ಮುಗಿಯಿತು. ಅವರದೇ ತಂಡಕ್ಕೆ ಆಗಿದ್ದೂ ಅದೇ.

ಅಪ್ಪ ಪೇಪರ್ ಎರಡು ಸಲ ಓದಿದರು. “ಮಕ್ಕಳ ಟೀಮ್ ನಡೀತಿದೆ ಅಲ್ವಾ?” ಅಂತ ಖಾತ್ರಿ ಮಾಡಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, “ನಮ್ಮ ಟೀಮ್ ನಿಲ್ಲಿಸಿದಾಗ ಯಾಕೆ ಅಂತ ಒಬ್ರೂ ಕೇಳೋಕೆ ಬರ್ಲಿಲ್ಲ ಕಣಮ್ಮ. ನೀವು ಏನಾದ್ರೂ ಬರೆದ್ರಾ?” ಅಂದರು. ಬಳಗದಲ್ಲಿ ಮಾತಾಡುತ್ತಿದ್ದೇವೆ ಅಂದಳು.

ಆಮೇಲೆ ಅಪ್ಪ ಇನ್ನೊಂದು ಕೇಳಿದರು. “ಸಿಬ್ಬಂದಿ ಅಂದ್ರೆ ಯಾರ್ಯಾರು? ಬಟ್ಟೆ ಒಗೆಯೋನು, ಬೂಟ್ ಎತ್ತಿಡೋ ಹುಡುಗ, ಅವ್ರಿಗೂ ಇಲ್ವಾ ಸಂಬಳ?”

ಅವಳಿಗೆ ಗೊತ್ತಿರಲಿಲ್ಲ. ನನಗೆ ಫೋನ್ ಮಾಡಿ ಕೇಳಿದಳು. ನನಗೂ ಗೊತ್ತಿರಲಿಲ್ಲ. ಬಳಗದ ಗ್ರೂಪ್‌ನಲ್ಲಿ ಆ ಹೊತ್ತಿಗೆ ಇನ್ನೂರಕ್ಕೂ ಜಾಸ್ತಿ ಮೆಸೇಜ್ ಇದ್ದವು. ಚೆಟ್ರಿ ಬಗ್ಗೆ, ಲೀಗ್ ಬಗ್ಗೆ, ಮಾಲೀಕರ ಬಗ್ಗೆ. ಮೇಲಿನಿಂದ ಕೆಳಗಿನವರೆಗೆ ಓದಿದೆ. ಬೂಟ್ ಎತ್ತಿಡುವ ಹುಡುಗನ ಬಗ್ಗೆ ಒಂದೂ ಇರಲಿಲ್ಲ. ಅಪ್ಪನ ಪ್ರಶ್ನೆಯನ್ನು ಹಾಗೇ ಟೈಪ್ ಮಾಡಿ ಹಾಕಿದೆ.